ಹೆಪ್ಸಿ ಯಾರವಳು

ಜೇಬೆಜ್ ಆಕ್‌ರಾಯ್ಡ್‌ಗೆ ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಗಣಿಯ ಕೆಲಸದಿಂದ ನಿವೃತ್ತಿಯಾಗಿ, ಕೂದಲೆಲ್ಲ ಬೆಳ್ಳಗಾದ ಮೇಲೆ. ಅದೂ ಕಟ್ಟಿಕೊಂಡ ಹೆಂಡತಿಯ ಮೇಲೆ, ಒಂದು ಫೆರೆಟ್ ಮರಿಯ ವಿಷಯಕ್ಕೆ. ನಮ್ಮ ಬೀದಿಯ ಮನೆಗಳೆಲ್ಲ ಗೋಡೆಗೆ ಗೋಡೆ ಅಂಟಿಕೊಂಡಂಥವು. ಪಕ್ಕದಲ್ಲಿ ಅವರು ಕುರ್ಚಿ ಎಳೆದರೆ ನನ್ನ ಒಲೆಯ ಮುಂದೆ ಕೇಳಿಸುತ್ತಿತ್ತು. ಹಾಗಾಗಿ ನಡೆದದ್ದರಲ್ಲಿ ಅರ್ಧ ನನಗೆ ತಾನಾಗಿ ಗೊತ್ತಾಯಿತು. ಉಳಿದದ್ದನ್ನು ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ಬಂದು, ನನ್ನ ಮೇಜಿನ ಮುಂದೆ ಕೂತು ಹೇಳಿಕೊಂಡರು. ನಾನು ಚಹಾ ಬಗ್ಗಿಸಿ ಕೊಟ್ಟು ಕೇಳಿಸಿಕೊಂಡೆ, ಅಷ್ಟೆ.

ಯಾರ್ಕ್‌ಷೈರ್‌ನ ನಮ್ಮ ಗಣಿ ಊರುಗಳಲ್ಲಿ ಫೆರೆಟ್ ಸಾಕುವುದು ಗಂಡಸರ ಕೆಲಸ. ಮುಂಗುಸಿಯಂಥ ಉದ್ದ ಮೈ, ಗಿಡ್ಡ ಕಾಲು, ಸೂಜಿಯಂಥ ಹಲ್ಲು. ಮೊಲದ ಬಿಲದೊಳಕ್ಕೆ ಬಿಟ್ಟರೆ ಮೊಲ ಹೆದರಿ ಇನ್ನೊಂದು ಬಾಯಿಂದ ಹಾರಿ ಬಂದು, ಅಲ್ಲಿ ಹಾಸಿದ ಬಲೆಗೆ ಬೀಳುತ್ತದೆ. ಜೇಬೆಜ್ ಹದಿನಾಲ್ಕಕ್ಕೆ ಗಣಿಗೆ ಇಳಿದವನು. ಅದಕ್ಕೂ ಮುಂಚೆಯೇ ಅಪ್ಪನ ಫೆರೆಟ್‌ಗಳನ್ನು ಅಂಗಿಯೊಳಗೆ ಇಟ್ಟುಕೊಂಡು ಗುಡ್ಡ ಹತ್ತಿದವನು. ಕೂಲಿಯ ಜಗಳದಲ್ಲಿ ಗಣಿಗೆ ಬೀಗ ಬಿದ್ದ ಒಂದು ಕೆಟ್ಟ ಬೇಸಿಗೆಯಲ್ಲಿ ನಮ್ಮ ಬೀದಿಯ ಮಡಕೆಗಳಲ್ಲಿ ಬೆಂದದ್ದು ಅವನು ಹಿಡಿದ ಮೊಲಗಳೇ. ಪಬ್‌ನ ಹಿತ್ತಿಲಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಫೆರೆಟ್ ಪ್ರದರ್ಶನಕ್ಕೆ ಅವನೇ ತೀರ್ಪುಗಾರ. ಯಾರ ಫೆರೆಟ್‌ಗೆ ಕಾಯಿಲೆಯಾದರೂ ಅವನ ಬಾಗಿಲಿಗೇ ತರುತ್ತಿದ್ದರು.

ಆದರೆ ಅವನ ಫೆರೆಟ್‌ಗಳು ಊರ ಹೊರಗಿನ ಕೈತೋಟದ ಗುಡಿಸಲಿನಲ್ಲಿ, ಮರದ ಗೂಡುಗಳಲ್ಲಿ ಇರುತ್ತಿದ್ದವು. ಗೂಡಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಬಿಲಕ್ಕೆ, ಬಿಲದಿಂದ ಮತ್ತೆ ಪೆಟ್ಟಿಗೆಗೆ, ಗೂಡಿಗೆ. ಅವುಗಳಿಗೆ ಹೆಸರು ಇರಲಿಲ್ಲ. ‘ಬಿಳಿ ಹೆಣ್ಣು’, ‘ಕಿವಿ ಹರಿದ ಗಂಡು’ ಎಂದರೆ ಆಯಿತು. ಮದುವೆಯಾಗಿ ಅಷ್ಟು ವರ್ಷವಾದರೂ ಅವನ ಹೆಂಡತಿ ಲೆಟ್ಟಿ ಆ ಗುಡಿಸಲಿನೊಳಗೆ ಕಾಲಿಟ್ಟಿರಲಿಲ್ಲ. ಹೆಂಗಸರು ಮುಟ್ಟಿ ಮುದ್ದಾಡಿದ ಫೆರೆಟ್ ಕೆಲಸಕ್ಕೆ ಬಾರದು ಎಂಬುದು ಆ ಗಂಡಸರ ನಂಬಿಕೆ.

ಆ ವರ್ಷ ಮೇ ತಿಂಗಳಿನಲ್ಲಿ ‘ಬಿಳಿ ಹೆಣ್ಣು’ ಮರಿ ಹಾಕಿ ಸತ್ತಿತು. ಜೇಬೆಜ್‌ನ ಗೆಳೆಯ ಸೆಥ್ ಹೋಲ್‌ರಾಯ್ಡ್‌ನದೊಂದು ಬಾಣಂತಿ ಫೆರೆಟ್ ಇತ್ತು. ಮರಿಗಳನ್ನು ಅದರ ಮೊಲೆಗೆ ಬಿಟ್ಟರು. ಎಲ್ಲಕ್ಕಿಂತ ಸಣ್ಣದೊಂದನ್ನು ಮಾತ್ರ ಅದು ಹೊರಗೆ ತಳ್ಳಿತು. ಜೇಬೆಜ್ ಅದನ್ನು ತನ್ನ ಟೋಪಿಯಲ್ಲಿ ಹಾಕಿಕೊಂಡು ಮನೆಗೆ ತಂದ.

“ಎರಡು ದಿನ ಒಲೆ ಪಕ್ಕ ಇಟ್ಕೊ. ಬದುಕಿದ್ರೆ ತಗೊಂಡು ಹೋಗ್ತೀನಿ,” ಎಂದ.

ಲೆಟ್ಟಿ ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಮಲಗಿಸಿ, ಮೇಕೆಹಾಲನ್ನು ಬೆರಳ ತುದಿಯಿಂದ ನೆಕ್ಕಿಸಿದಳು. ಮರಿ ಬದುಕಿತು. ಎರಡು ದಿನ ಎನ್ನುವುದು ಬೇಸಿಗೆಯಿಡೀ ಆಯಿತು. ಅವಳು ಅದಕ್ಕೆ ಹೆಪ್ಸಿ ಎಂದು ಹೆಸರಿಟ್ಟಳು. ತೀರಿಹೋದ ಅವಳ ಚಿಕ್ಕಮ್ಮನ ಹೆಸರು ಅದು. ಆ ಚಿಕ್ಕಮ್ಮನೂ ಕಂಡವರ ಕಪಾಟಿಗೆಲ್ಲ ಮೂಗು ತೂರಿಸುತ್ತಿದ್ದಳಂತೆ.

“ಫೆರೆಟ್‌ಗೆ ಹೆಸರು,” ಎಂದು ಜೇಬೆಜ್ ನನ್ನ ಮುಂದೆ ಮೂಗು ಮುರಿದ. “ನಾಳೆ ಟೋಪಿ ಹೊಲಿದು ಹಾಕ್ತಾಳೆ ನೋಡು, ತಂಗಿ.”

ಅವರಿಬ್ಬರ ಮೊದಲ ಜಗಳ ನಡುಕದ ಮೇಲೆ. ಡಬ್ಬಿಯಿಂದ ಎತ್ತಿದಾಗೆಲ್ಲ ಹೆಪ್ಸಿ ಜೇಬೆಜ್‌ನ ಕೈಯಲ್ಲಿ ಗಡಗಡ ನಡುಗುತ್ತಿತ್ತು.

“ನನ್ನ ಕಂಡ್ರೆ ಹೆದರ್ತಾಳೆ. ನೀನೇ ಏನೋ ಅಭ್ಯಾಸ ಮಾಡಿಸಿದೀಯ,” ಎಂದ.

“ನಿದ್ದೆಯಿಂದ ಎದ್ದ ಕೂಡ್ಲೆ ನಡುಗ್ತಾಳೆ, ಮೈ ಬೆಚ್ಚಗಾಗೋವರೆಗೆ. ನನ್ನ ಮಡಿಲಲ್ಲೂ ನಡುಗ್ತಾಳೆ ಜೇಬೆಜ್.”

“ಇಷ್ಟು ವರ್ಷ ಸಾಕಿದೀನಿ. ಒಂದಾದ್ರೂ ನಡುಗಿದ್ದು ನೋಡಿಲ್ಲ.”

“ಅವು ಏಳೋದನ್ನ ಯಾವತ್ತು ನೋಡಿದೀಯ? ನೀನು ಗೂಡಿನ ಬಾಗಿಲು ತೆಗೆಯೋ ಹೊತ್ತಿಗೆ ಅವು ಎದ್ದು ಊಟಕ್ಕೆ ಕಾದು ನಿಂತಿರ್ತಾವೆ.”

ಜೇಬೆಜ್‌ಗೆ ಫೆರೆಟ್‌ನ ಕೆಲಸವೆಲ್ಲ ಗೊತ್ತಿತ್ತು. ಕೆಲಸವಿಲ್ಲದ ಹೊತ್ತಿನ ಫೆರೆಟ್ ಹೇಗಿರುತ್ತದೆ ಎಂಬುದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದನ್ನು ಹೆಂಡತಿಯ ಬಾಯಿಂದ ಕೇಳಬೇಕಾಗಿ ಬಂದದ್ದು ಅವನಿಗೆ ಮುಳ್ಳಿನಂತೆ ಚುಚ್ಚಿತು.

ಆಮೇಲೆ ಕಳ್ಳತನ ಶುರುವಾಯಿತು. ಜೇಬೆಜ್‌ನ ಎಡಗಾಲಿನ ಕಾಲುಚೀಲ, ಪೈಪು, ಭಾನುವಾರದ ಕಾಲರಿನ ಗುಂಡಿ ಒಂದೊಂದಾಗಿ ಕಾಣೆಯಾದವು. ಎಲ್ಲವೂ ಬೀರುವಿನ ಅಡಿ, ಗೋಡೆಯ ಮೂಲೆಯಲ್ಲಿ ಗುಡ್ಡೆಯಾಗಿ ಸಿಕ್ಕವು. ಲೆಟ್ಟಿಯ ಒಂದು ದಾರದುಂಡೆಯೂ ಹೋಗಿರಲಿಲ್ಲ. ಅದರ ಮೇಲೆ, ಹೆಪ್ಸಿ ಹಿಮ್ಮುಖವಾಗಿ ಹೆಜ್ಜೆಯಿಟ್ಟು ಹೋಗಿ ಗಲೀಜು ಮಾಡುತ್ತಿದ್ದದ್ದು ಕೂಡ ಅವನ ಕುರ್ಚಿಯ ಹಿಂದಿನ ಮೂಲೆಯಲ್ಲೇ.

“ಕದಿಯೋದು ನನ್ನದು, ಹೇಲೋದು ನನ್ನ ಹಿಂದೆ, ಮಲಗೋದು ಮಾತ್ರ ಅವಳ ಮಡಿಲಲ್ಲಿ,” ಎಂದು ನನ್ನ ಹಿತ್ತಿಲ ಗೇಟಿಗೆ ಒರಗಿ ಹೇಳಿದ. ನನಗೆ ನಗು ಬಂತು. ಅವನ ಮುಖ ನೋಡಿ ನುಂಗಿಕೊಂಡೆ.

ಆಗಸ್ಟಿನ ಒಂದು ಬೆಳಗ್ಗೆ ಲೆಟ್ಟಿ ಹಾಲಿಗೆಂದು ಹೋಗಿದ್ದಳು. ಜೇಬೆಜ್ ಡಬ್ಬಿಯ ಮುಚ್ಚಳ ತೆಗೆದ. ಹೆಪ್ಸಿ ಬಟ್ಟೆಯ ಹಾಗೆ ಬಿದ್ದುಕೊಂಡಿತ್ತು. ಎತ್ತಿದರೆ ತಲೆ ಜೋತುಬಿತ್ತು. ಕರೆದ, ಅಲುಗಿಸಿದ, ಮೂಗಿಗೆ ಊದಿದ. ಉಸಿರಿದ್ದಂತೆ ಕಾಣಲಿಲ್ಲ. ಲೆಟ್ಟಿ ಹಾಲಿನ ಬಾಟಲಿ ಹಿಡಿದು ಒಳಗೆ ಬಂದಾಗ, ತನ್ನ ಭಾನುವಾರದ ಕರವಸ್ತ್ರದಲ್ಲಿ ಮರಿಯನ್ನು ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಕಣ್ಣು ಕೆಂಪಾಗಿದ್ದವು. ಬಾಗಿಲ ಹತ್ತಿರ ಸನಿಕೆ ತಂದು ನಿಲ್ಲಿಸಿದ್ದ.

“ಹೋಯ್ತು ಲೆಟ್ಟಿ,” ಎಂದ.

ಅಷ್ಟರಲ್ಲಿ ಕರವಸ್ತ್ರದೊಳಗಿಂದ ಒಂದು ದೊಡ್ಡ ಆಕಳಿಕೆ ಬಂತು. ಹೆಪ್ಸಿ ಕಣ್ಣು ಬಿಟ್ಟಿತು, ಅವನ ಕಡೆ ನೋಡಲೂ ಇಲ್ಲ, ಮಡಿಲಿಂದ ಇಳಿದು ನಡುಗುತ್ತ ಲೆಟ್ಟಿಯ ಕಾಲ ಬಳಿಗೆ ಹೋಯಿತು.

“ಅಷ್ಟು ಗಾಢ ನಿದ್ದೆ ಮಾಡ್ತಾಳೆ ಅಂತ ಹೇಳೋದನ್ನ ಮರೆತೆ,” ಎಂದಳಂತೆ ಲೆಟ್ಟಿ.

ಇದನ್ನು ನನಗೆ ಹೇಳಿದವಳು ಲೆಟ್ಟಿ. ಜೇಬೆಜ್ ಯಾವತ್ತೂ ಹೇಳಲಿಲ್ಲ. ಸತ್ತಿತೆಂದು ಅತ್ತದ್ದಕ್ಕಿಂತ, ಎದ್ದು ಅವಳ ಹತ್ತಿರ ಹೋಯಿತಲ್ಲ ಎಂಬುದು ಅವನನ್ನು ಹೆಚ್ಚು ಸುಟ್ಟಿರಬೇಕು.

ಎಲ್ಲಕ್ಕಿಂತ ದೊಡ್ಡ ಕಿಚ್ಚು ಹತ್ತಿಸಿದ್ದು ಕುಣಿತ. ಸಂಜೆಯಾದರೆ ಹೆಪ್ಸಿಗೆ ಏನೋ ಮೈಮೇಲೆ ಬಂದಂತಾಗುತ್ತಿತ್ತು. ಬೆನ್ನು ಬಿಲ್ಲಿನಂತೆ ಬಗ್ಗಿಸಿ, ಬಾಲ ಬಾಟಲಿ ತೊಳೆಯುವ ಬ್ರಷ್ಷಿನಂತೆ ಉಬ್ಬಿಸಿ, ಬಾಯಿ ತೆರೆದು, ಗಂಟಲಲ್ಲಿ ‘ಡುಕ್ ಡುಕ್’ ಎನ್ನುತ್ತ ಅಡ್ಡಡ್ಡ ಜಿಗಿಯುತ್ತಿತ್ತು. ಮೇಜಿನ ಕಾಲಿಗೆ ಡಿಕ್ಕಿ ಹೊಡೆದು ಬಿದ್ದರೂ ಎದ್ದು ಮತ್ತೆ ಜಿಗಿತ. ಜೇಬೆಜ್ ಒಳಗೆ ಕಾಲಿಟ್ಟರೆ ಆ ಕುಣಿತ ಇನ್ನೂ ಜೋರಾಗಿ, ನೇರ ಅವನ ಬೂಟಿನ ಮೇಲೆ ಎರಗುತ್ತಿತ್ತು. ಗೂಡಿನ ಫೆರೆಟ್ ಹಾಗೆ ಬಾಲ ಉಬ್ಬಿಸಿ ಬಾಯಿ ತೆರೆದರೆ ಅದು ಕಚ್ಚಲಿಕ್ಕೆಂದೇ ಅವನು ಕಲಿತದ್ದು. ಕಾಲು ಎತ್ತಿಕೊಂಡು ಕುರ್ಚಿಯ ಮೇಲೆ ಇಟ್ಟುಕೊಳ್ಳುತ್ತಿದ್ದ.

ಸೆಪ್ಟೆಂಬರಿನ ಒಂದು ಸಂಜೆ ಅವನು ಕೈತೋಟದಿಂದ ಬೇಗ ಬಂದ. ಅಡುಗೆಮನೆಯಲ್ಲಿ ಲೆಟ್ಟಿ, ಮಂಡಿನೋವಿನ ಹೆಂಗಸು, ಬೆನ್ನು ಬಗ್ಗಿಸಿ ಕೈಗಳನ್ನು ಎದೆಗೆ ಒತ್ತಿಕೊಂಡು ಅಡ್ಡಡ್ಡ ಜಿಗಿಯುತ್ತಿದ್ದಳು. ಎದುರಿಗೆ ಹೆಪ್ಸಿ ಜಿಗಿಯುತ್ತಿತ್ತು. ಇಬ್ಬರೂ ‘ಡುಕ್ ಡುಕ್’ ಎನ್ನುತ್ತಿದ್ದರು.

ಅವನು ಸೀದಾ ನನ್ನ ಮನೆಗೆ ಬಂದ.

“ನಮ್ಮ ಮದುವೆ ದಿನ ಸೆಥ್‌ನ ಅಣ್ಣ ಅಕಾರ್ಡಿಯನ್ ಬಾರಿಸ್ದ,” ಎಂದ. “ಕುಣಿಯೋಣ ಬಾ ಅಂತ ಲೆಟ್ಟೀನ ಕರೆದೆ. ನಾವು ಚಾಪೆಲ್‌ಗೆ ಪ್ರಾರ್ಥನೆಗೆ ಹೋಗೋ ಜನ, ಕುಣಿಯಲ್ಲ ಅಂದ್ಲು. ಅವತ್ತಿಂದ ಇವತ್ತಿನವರೆಗೆ ನಾನು ಮತ್ತೆ ಕೇಳಿಲ್ಲ.”

“ಅದು ಆಟ, ಜೇಬೆಜ್. ಮಕ್ಕಳ ಜೊತೆ ಆಡಿದ ಹಾಗೆ,” ಎಂದೆ.

“ಆಟ ಅಂತೆ,” ಎಂದು ಟೋಪಿ ಕೆಳಗೆಳೆದುಕೊಂಡು ಹೋದ.

ಕೈತೋಟದಲ್ಲಿ ಸೆಥ್ ಸುಮ್ಮನಿರಲಿಲ್ಲ. ಅವನ ನಾಲಿಗೆ ಊರಿಗೆಲ್ಲ ಗೊತ್ತು.

“ಏನಯ್ಯ ತೀರ್ಪುಗಾರ, ನಿನ್ನ ಫೆರೆಟ್ ಚಾಪೆಲ್‌ನ ಭಾನುವಾರದ ಶಾಲೆಗೆ ಸೇರ್ತಂತೆ?”

“ನನ್ನ ಫೆರೆಟ್ ಕೆಲಸಕ್ಕೆ ಇಳಿಯುತ್ತೆ. ಎಲೆ ಉದುರಲಿ, ನೋಡ್ತಿರು.”

“ನಿನ್ನದಾ? ನಮ್ಮ ಮನೇಲಿ ಹೆಂಗಸರು ಬೇರೆ ಏನೋ ಹೇಳ್ತಿದ್ರು. ಲೆಟ್ಟಿಯ ಫೆರೆಟ್, ಜೇಬೆಜ್ ಬರೀ ಬಾಡಿಗೆಗೆ ಇದಾನೆ ಅಂತ.”

ಆ ಮಾತಿಗೆ ಜೇಬೆಜ್ ದಿನ ನಿಶ್ಚಯಿಸಿಬಿಟ್ಟ. ಮುಂದಿನ ಶನಿವಾರ, ಗುಡ್ಡದ ಪಕ್ಕದ ಹಳೆಯ ಬಿಲ. ಅದು ಒಳಗೊಳಗೇ ಹತ್ತು ದಾರಿಗಳಿರುವ ದೊಡ್ಡ ಬಿಲ. ಹೊಸ ಫೆರೆಟನ್ನು ಯಾರೂ ಮೊದಲ ದಿನವೇ ಅಲ್ಲಿ ಇಳಿಸುವುದಿಲ್ಲ. ಬೇರೆಯವರು ಇಳಿಸಲು ಹೊರಟಿದ್ದರೆ ಜೇಬೆಜ್‌ನೇ ಬೈದು ತಡೆಯುತ್ತಿದ್ದ.

ಶನಿವಾರ ಬೆಳಗ್ಗೆ ಗೋಡೆಯಾಚೆ ದನಿ ಏರಿತು.

“ಅವಳು ಇನ್ನೂ ಮರಿ ಜೇಬೆಜ್. ಕತ್ತಲೆ ಬಿಲ ಅವಳಿಗೆ ಗೊತ್ತಿಲ್ಲ. ನನ್ನ ಹೆಪ್ಸೀನ ಬಿಡು.”

“ನನ್ನ ಹೆಪ್ಸಿ ಅಂತೆ. ಈ ಮನೇಲಿ ಫೆರೆಟ್‌ನ ನನ್ನದು ಅನ್ನೋ ಬಾಯಿ ಇವತ್ತಿನವರೆಗೆ ಒಂದೇ ಇತ್ತು.”

“ಹಾಗಾದ್ರೆ ತಗೊಂಡು ಹೋಗು. ಕಳೆದುಬಿಟ್ರೆ ಮಾತ್ರ ಈ ಬಾಗಿಲಿಗೆ ಬರಬೇಡ.”

ಬಾಗಿಲು ಬಡಿದುಕೊಂಡಿತು. ಅವನು ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಹೋಗುವುದನ್ನು ಕಿಟಕಿಯಿಂದ ನೋಡಿದೆ.

ಅಲ್ಲಿ ನಡೆದದ್ದನ್ನು ಸೆಥ್ ಪಬ್‌ನಲ್ಲಿ ಎಲ್ಲರಿಗೂ ಹೇಳಿದ. ಜೇಬೆಜ್ ನನಗೆ ಒಬ್ಬಳಿಗೆ ಹೇಳಿದ. ಎರಡೂ ಒಂದೇ ತೆರನಾಗಿದ್ದವು. ಬಲೆ ಹಾಸಿ ಹೆಪ್ಸಿಯನ್ನು ಬಿಲದ ಬಾಯಿಗೆ ಬಿಟ್ಟಾಗ ಅದು ಹಿಂಜರಿಯಲಿಲ್ಲ. ಬಾಲ ಉಬ್ಬಿಸಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ನೆಲದೊಳಗೆ ಗುಡುಗುಡು ಸದ್ದು. ಒಂದು ಮೊಲ ಬಲೆಗೆ ಬಿತ್ತು, ಹಿಂದೆಯೇ ಇನ್ನೊಂದು.

“ಪರವಾಗಿಲ್ಲ ಕಣಯ್ಯ, ಚಾಪೆಲ್‌ನಲ್ಲಿ ಚೆನ್ನಾಗೇ ಕಲಿಸಿದಾರೆ,” ಎಂದ ಸೆಥ್. ಜೇಬೆಜ್‌ನ ಎದೆ ಉಬ್ಬಿತು.

ಆಮೇಲೆ ಹೆಪ್ಸಿ ಬಿಲದ ಬಾಯಲ್ಲಿ ತಲೆ ಹೊರಗೆ ಹಾಕಿತು. ಎಲ್ಲ ಫೆರೆಟ್‌ಗಳನ್ನೂ ಹಿಡಿದ ಹಾಗೆಯೇ ಜೇಬೆಜ್ ಮೇಲಿಂದ ಕೈ ಇಳಿಸಿ ಕತ್ತು ಹಿಡಿಯಲು ಹೋದ. ಹೆಪ್ಸಿ ಬಾಯಿ ತೆರೆದು, ಬೆನ್ನು ಬಗ್ಗಿಸಿ, ಒಂದು ಜಿಗಿತ ಹಿಂದಕ್ಕೆ ಹೋಗಿ ಕತ್ತಲಲ್ಲಿ ಮಾಯವಾಯಿತು. ಮತ್ತೆ ತಲೆ ಹಾಕಿತು. ಮತ್ತೆ ಕೈ. ಮತ್ತೆ ಜಿಗಿತ. ಬಿಲದ ಬಾಯಲ್ಲಿ ಕೈಗೆ ಸಿಗದೆ ಆಡಿಸುವ ಫೆರೆಟ್ ಇಟ್ಟುಕೊಂಡವನಿಗೆ ನಮ್ಮ ಗಂಡಸರಲ್ಲಿ ಮರ್ಯಾದೆಯಿಲ್ಲ. ಅದು ಸಾಕಿದವನ ಕೈ ಸರಿಯಿಲ್ಲ ಎಂಬುದರ ಗುರುತು.

ಸೆಥ್ ಹುಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. “ನಿನ್ನ ನೋಡಿ ಅದೂ ನಗ್ತಿದೆ ನೋಡು. ಹೆಂಡತಿ ಕರ್ಕೊಂಡು ಬಾ ಮಾರಾಯ, ತೀರ್ಪು ಅವಳೇ ಕೊಡಲಿ.”

ಜೇಬೆಜ್ ಸಿಟ್ಟಿನಿಂದ ನೆಲಕ್ಕೆ ಕಾಲು ಅಪ್ಪಳಿಸಿದ. ಇಷ್ಟು ವರ್ಷದಲ್ಲಿ ಬಿಲದ ಮೇಲೆ ಅವನು ಕಾಲು ಅಪ್ಪಳಿಸಿದ್ದು ಅದೊಂದೇ ಸಲ. ಹೆಪ್ಸಿ ಮತ್ತೆ ತಲೆ ಹಾಕಲಿಲ್ಲ.

ಕತ್ತಲಾಗುವವರೆಗೆ ಕಾದರು. ಫೆರೆಟ್ ಬರದಿದ್ದರೆ ಸಾಕಿದವನು ತನ್ನ ಕೋಟನ್ನು ಬಿಲದ ಬಾಯಲ್ಲಿ ಬಿಟ್ಟು ಬರುವುದು ನಮ್ಮಲ್ಲಿ ರೂಢಿ. ಹಸಿದು ಹೊರಗೆ ಬಂದ ಫೆರೆಟ್ ಯಜಮಾನನ ವಾಸನೆ ಹಿಡಿದು ಅದರೊಳಗೆ ಸುತ್ತಿಕೊಂಡು ಮಲಗಿರುತ್ತದೆ. ಬೆಳಗ್ಗೆ ಹೋಗಿ ಎತ್ತಿಕೊಂಡರಾಯಿತು. ಜೇಬೆಜ್ ಕೋಟು ಬಿಚ್ಚಿ ಹಾಸಿ, ಬರೀ ಅಂಗಿಯಲ್ಲಿ ಮಂಜಿನೊಳಗೆ ನಡೆದು ಬಂದ. ಗಣಿಯ ದೂಳು ತಿಂದ ಅವನ ಎದೆ ಕೆಮ್ಮುವುದು ಬೀದಿಯ ಕೊನೆಯಿಂದಲೇ ಕೇಳಿಸಿತು. ಲೆಟ್ಟಿ ಬಾಗಿಲು ತೆಗೆದಳು.

ಭಾನುವಾರ ಬೆಳಗ್ಗೆ ಚಾಪೆಲ್‌ಗೆ ಲೆಟ್ಟಿಯನ್ನು ಕರೆಯಲು ಹೋದೆ. ಜೇಬೆಜ್ ಆಗಲೇ ಗುಡ್ಡಕ್ಕೆ ಹೋಗಿ ಬಂದಿದ್ದ. ಇಬ್ಬನಿ ಗಟ್ಟಿಯಾಗಿ ಬಿಳಿಯಾದ ಕೋಟು ಕುರ್ಚಿಯ ಮೇಲೆ ಇತ್ತು. ಅದರೊಳಗೆ ಏನೂ ಇರಲಿಲ್ಲ. ಲೆಟ್ಟಿ ಒಲೆಯ ಮುಂದೆ ಬೇಕನ್ ಹುರಿಯುತ್ತಿದ್ದಳು. ಅವಳ ಬೆನ್ನನ್ನೇ ನೋಡುತ್ತ ಅವನು ಕೂತಿದ್ದ.

“ಆ ಏಪ್ರನ್ ಕೊಡು,” ಎಂದ.

“ಯಾವುದು?”

“ನೀನು ಕಟ್ಕೊಂಡಿರೋದು.”

“ಯಾಕೆ?”

ಅವಳಿಗೆ ಗೊತ್ತಿತ್ತು. ಅವನ ಬಾಯಿಂದಲೇ ಬರಲಿ ಎಂದು ಕಾದಳು. ನಾನು ಹೊರಗೆ ಹೋಗಲೇ ಎಂದು ಬಾಗಿಲ ಕಡೆ ತಿರುಗಿದೆ.

“ನೀನು ಇರು ತಂಗಿ, ಬೀದಿಗೆಲ್ಲ ಗೊತ್ತಾಗೋದೇ,” ಎಂದ ಜೇಬೆಜ್. ಮತ್ತೆ ಅವಳ ಕಡೆ ತಿರುಗಿ, “ನನ್ನ ವಾಸನೆಗೆ ಬರ್ತಿಲ್ಲ. ನಿನ್ನದಕ್ಕೆ ಬರ್ತಾಳೆ. ಅವಳು ನಿನ್ನವಳೇ. ಬದುಕಿ ಬಂದ್ರೆ ಸಾಕು,” ಎಂದ.

ಲೆಟ್ಟಿ ಬಾಣಲೆ ಇಳಿಸಿದಳು. ಏಪ್ರನ್ ಬಿಚ್ಚಿ ಮಡಿಸಿದಳು. ಆದರೆ ಅವನ ಕೈಗೆ ಕೊಡಲಿಲ್ಲ. “ನಡಿ, ನಾನೂ ಬರ್ತೀನಿ,” ಎಂದಳು. ಹೆರಿಗೆ, ಜ್ವರ ಬಿಟ್ಟರೆ ಅವಳು ಚಾಪೆಲ್ ತಪ್ಪಿಸಿದ್ದನ್ನು ನಾನು ಕಂಡಿರಲಿಲ್ಲ. ಅಂದು ನಾನೊಬ್ಬಳೇ ಹೋಗಿ ಬೆಂಚಿನಲ್ಲಿ ಕೂತೆ. ಫೆರೆಟ್‌ಗಾಗಿ ಪ್ರಾರ್ಥಿಸಬಹುದೋ ಇಲ್ಲವೋ ನನಗೆ ಯಾರೂ ಹೇಳಿಕೊಟ್ಟಿಲ್ಲ. ದೇವರು ತಪ್ಪು ತಿಳಿಯಲಾರ ಎಂದುಕೊಂಡು, ತಲೆ ಬಗ್ಗಿಸಿ, ಹೆಪ್ಸಿಯ ಹೆಸರು ಹೇಳಿದೆ.

ಗುಡ್ಡದಲ್ಲಿ ಲೆಟ್ಟಿ ಏಪ್ರನ್ ಹಾಸಿ ಕರೆದಳಂತೆ. ಕಾದರು. ಕೊನೆಗೆ ಬಿಲದ ಬಾಯಲ್ಲಿ ಮಣ್ಣು ಮೆತ್ತಿದ ಮೂಗು ಕಾಣಿಸಿತು. ಜೇಬೆಜ್‌ನ ಕೈ ತಾನಾಗಿಯೇ ಮೇಲೆದ್ದಿತು. ಲೆಟ್ಟಿ ಅದನ್ನು ಹಿಡಿದು ಕೆಳಗಿಟ್ಟಳು.

“ಕೈ ಹಾಕಬೇಡ. ಕುಣಿ,” ಎಂದಳು.

“ಏನು?”

“ಸಂಜೆ ನೀನು ಬಂದಾಗೆಲ್ಲ ಅವಳು ಕುಣಿತಿದ್ದದ್ದು ಕಚ್ಚೋಕೆ ಅಂದ್ಕೊಂಡ್ಯಾ? ಆಟಕ್ಕೆ ಕರೀತಿದ್ಲು. ನೀನು ಕಾಲೆತ್ತಿ ಕುರ್ಚಿ ಮೇಲೆ ಇಟ್ಕೋತಿದ್ದೆ.”

“ಮೊದಲೇ ಯಾಕೆ ಹೇಳಲಿಲ್ಲ?”

ಲೆಟ್ಟಿ ಬಗ್ಗಿ ಏಪ್ರನ್ನಿನ ಅಂಚು ಸರಿಮಾಡಿದಳಂತೆ. ಇದನ್ನು ಹೇಳುವಾಗ ಅವಳು ನನ್ನ ಮುಖ ನೋಡದೆ ಚಹಾದ ಲೋಟ ನೋಡುತ್ತಿದ್ದಳು.

ಜೇಬೆಜ್ ಸುತ್ತ ಕಣ್ಣಾಡಿಸಿದ. ಸೆಥ್ ಎಲ್ಲೂ ಇರಲಿಲ್ಲ. ಬೆನ್ನು ಬಗ್ಗಿಸಿದ. ಗಣಿಯ ಭಾರಿ ಬೂಟಿನಲ್ಲಿ ಒಂದು ಅಡ್ಡ ಜಿಗಿತ, ಇನ್ನೊಂದು ಅಡ್ಡ ಜಿಗಿತ. ಕೆಮ್ಮು ಬಂತು. ಕೆಮ್ಮಿಕೊಂಡೇ ಜಿಗಿದ. ಹೆಪ್ಸಿ ಬಿಲದಿಂದ ಬಾಣದಂತೆ ಹೊರಗೆ ಬಂತು. ಬಾಲ ಉಬ್ಬಿತ್ತು, ಬಾಯಿ ತೆರೆದಿತ್ತು. ಏಪ್ರನ್ನಿನ ಮೇಲೆ ಹಾದು, ಅದರ ಮೇಲೆ ನಿಲ್ಲದೆ, ಅವನ ಸುತ್ತ ಅಡ್ಡಡ್ಡ ಕುಣಿಯಿತು. ಬೂಟಿನ ಮೇಲೆ ಬಿತ್ತು. ಬೂಟಿನ ದಾರ ಹಲ್ಲಲ್ಲಿ ಹಿಡಿದು ಬಿಲದ ಕಡೆಗೆ ಎಳೆಯತೊಡಗಿತು, ಕಾಲುಚೀಲ ಎಳೆದುಕೊಂಡು ಹೋದ ಹಾಗೆಯೇ. ಅವನು ಬಗ್ಗಿ ಎರಡೂ ಕೈ ನೆಲಕ್ಕಿಟ್ಟ. ಹೆಪ್ಸಿ ತಾನಾಗಿ ತೋಳು ಹತ್ತಿ ಅವನ ಅಂಗಿಯೊಳಗೆ ನುಗ್ಗಿತು.

ನಾನು ಚಾಪೆಲ್‌ನಿಂದ ಬರುವ ಹೊತ್ತಿಗೆ ಅವರೂ ಗುಡ್ಡ ಇಳಿದು ಬರುತ್ತಿದ್ದರು. ಜೇಬೆಜ್ ಮುಂದೆ, ಉಬ್ಬಿದ ಅಂಗಿಯ ಮೇಲೆ ಕೈಯಿಟ್ಟುಕೊಂಡು, ಸಿಕ್ಕವರಿಗೆಲ್ಲ ತಲೆ ಆಡಿಸುತ್ತ. ಲೆಟ್ಟಿ ಹಿಂದೆ, ಮಡಿಸಿದ ಏಪ್ರನ್ ಕಂಕುಳಲ್ಲಿ. ಅವನು ಮನೆಗೆ ಹೋದ. ಅವಳು ನನ್ನ ಮನೆಗೆ ಬಂದು ಕುರ್ಚಿ ಎಳೆದು ಕೂತಳು.

“ದೇವರು ದೊಡ್ಡವನು. ಸಿಕ್ಕಿದಳಲ್ಲ,” ಎಂದೆ.

“ಸಿಕ್ಕಿದಳು.” ಲೋಟ ತಿರುಗಿಸುತ್ತ ಕೂತಳು. “ಏಪ್ರನ್ ಕಡೆ ತಿರುಗಿ ಕೂಡ ನೋಡ್ಲಿಲ್ಲ. ಬೆರಳಲ್ಲಿ ಹಾಲು ನೆಕ್ಕಿಸಿದ್ದು ನಾನು.”

“ಅವನೂ ಬೇಕು, ನೀನೂ ಬೇಕು ಅವಳಿಗೆ.”

“ಅವನು ಒಂದು ಸಲ ಕುಣಿದ. ನಾನು ಬೇಸಿಗೆಯಿಡೀ ಕುಣಿದೆ, ಈ ಮಂಡಿ ಇಟ್ಕೊಂಡು.”

ನಾನು ಇನ್ನೊಂದಿಷ್ಟು ಚಹಾ ಬಗ್ಗಿಸಿದೆ. ಅವಳು ಕುಡಿದು, ಲೋಟ ಕೆಳಗಿಟ್ಟು, ಏಪ್ರನ್ ಬಿಡಿಸಿ ಸೊಂಟಕ್ಕೆ ಕಟ್ಟಿಕೊಂಡಳು.

“ನಾಳೆ ಅವಳ ಉಗುರು ಕತ್ತರಿಸಬೇಕು,” ಎಂದಳು. “ಅದೊಂದು ಆದ ಮೇಲೆ ಎರಡು ದಿನ ಕತ್ತರಿ ಹಿಡಿದವರ ಹತ್ರ ಸುಳಿಯಲ್ಲ. ಇಷ್ಟು ದಿನ ನಾನೇ ಕತ್ತರಿಸ್ತಿದ್ದೆ. ಈ ಸಲ ಅವನೇ ಕತ್ತರಿಸಲಿ.”